ಮಾವನ ಬೂಟು

ಜಿಲ್ಲಾ ಆಸ್ಪತ್ರೆಯಿಂದ ಹೊರಟಾಗ ಆಕಾಶ ತಿಳಿಯಾಗಿಯೇ ಇತ್ತು. ಮಾವನ ಎಡಗಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಮೂರು ದಿನ ಅಲ್ಲಿನ ಬೆಂಚಿನ ಮೇಲೆ ಮಲಗಿ ನನ್ನ ಮೈ ಹಣ್ಣಾಗಿತ್ತು. ಗಂಡ ಎರ್ದೆನ್ ಕುದುರೆ ಹಿಂಡಿನ ಜತೆ ದೂರದ ಬಯಲಿಗೆ ಹೋಗಿ ತಿಂಗಳಾಗಿತ್ತು. ಜೀಪು ಓಡಿಸುತ್ತಿದ್ದವಳು ನಾನೇ. ಚಳಿಗಾಲದ ಮನೆಯಲ್ಲಿ ಅತ್ತೆ ಒಬ್ಬರೇ, ಗಬ್ಬದ ಕುರಿಗಳ ಜತೆ.

ಮನೆ ಇನ್ನು ಆರು ಕಿಲೋಮೀಟರ್ ಇರುವಾಗ ಬುರಾನ್ ಎದ್ದಿತು, ನಮ್ಮ ಹುಲ್ಲುಬಯಲಿನ ಹಿಮಬಿರುಗಾಳಿ. ಮೊದಲು ನೆಲದ ಹಿಮ ಹೊಗೆಯ ಹಾಗೆ ಹರಿಯಿತು. ಸ್ವಲ್ಪ ಹೊತ್ತಿಗೆ ಜೀಪಿನ ಮೂತಿಯೇ ಕಾಣಲಿಲ್ಲ. ಚಕ್ರ ದಾರಿ ತಪ್ಪಿ ಕುಸಿಯಿತು. ಹಿಂದೆ ಮುಂದೆ ಎಳೆದಾಡಿದಷ್ಟೂ ಹೂತುಕೊಂಡಿತು. ಆ ಬಯಲಲ್ಲಿ ಫೋನು ಯಾವ ಕಾಲಕ್ಕೂ ಮಾತಾಡಿದ್ದಿಲ್ಲ. ಬುತ್ತಿ ಕಟ್ಟಿದ್ದ ಕೆಂಪು ಬಟ್ಟೆಯನ್ನು ಆಂಟೆನಾಕ್ಕೆ ಬಿಗಿದು ಬಂದು ಎಂಜಿನ್ ಆರಿಸಿದೆ.

"ಯಾಕೆ ಆರಿಸಿದೆ?" ಎಂದರು ಮಾವ.

"ಗಂಟೆಗೆ ಹತ್ತು ನಿಮಿಷ ಹಚ್ಚಿದ್ರೆ ಸಾಕು ಮಾವ. ಹಚ್ಚೋ ಮುಂಚೆ ಹೊಗೆಕೊಳವೆ ಬಾಯಲ್ಲಿರೋ ಹಿಮ ತೆಗೀಬೇಕು. ಇಲ್ದಿದ್ರೆ ಹೊಗೆ ಒಳಗೇ ತುಂಬ್ಕೊಂಡು ನಿದ್ದೇಲೇ ಹೋಗ್ತೀವಿ." ಗಾಳಿ ಬಡಿಯದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿದೆ.

"ಯಾರು ಹೇಳ್ಕೊಟ್ಟಿದ್ದು?"

"ನಿಮ್ಮ ಮಗ."

"ಅವನಿಗೆ ಮೂಗು ಒರೆಸ್ಕೊಳ್ಳೋದು ಹೇಳ್ಕೊಟ್ಟೋನು ನಾನು."

ಮೊದಲ ಸಲ ಕೊಳವೆ ಬಿಡಿಸಲು ತಾವೇ ಇಳಿದರು. ವಾಪಸು ಬಂದು ಕೂತಾಗ ಉಣ್ಣೆಯ ಬೂಟಿನ ತುಂಬ ಹಿಮ.

"ಗಾಳಿ ಬಡಗಣದ್ದು," ಎಂದರು. "ಎಡಗೆನ್ನೆಗೆ ಇಟ್ಕೊಂಡು ನಡೆದ್ರೆ ನೇರ ನಮ್ಮನೆ ಬಾಗ್ಲು. ಕುರಿದೊಡ್ಡಿ ಬಾಯಿ ಮುಚ್ಚೋಗತ್ತೆ. ಆ ಮಂಡಿ ಇಟ್ಕೊಂಡು ನಿಮ್ಮತ್ತೆ ಸಲಿಕೆ ಎತ್ತೋದುಂಟಾ? ನಾನು ಹೊರಟೆ. ನೀನು ಇಲ್ಲೇ ಇರು."

ನಮ್ಮ ಕಡೆ ಬುರಾನಿನಲ್ಲಿ ಸತ್ತವರೆಲ್ಲ ದಾರಿ ಬಲ್ಲವರೇ. ಅದನ್ನು ಮಾವನಿಗೆ ಹೇಳುವುದು ಹೇಗೆ? ಹದಿನಾಲ್ಕು ವರ್ಷದಲ್ಲಿ ನಾನು ಅವರ ಹೆಸರೆತ್ತಿದವಳಲ್ಲ, ಅವರೆದುರು 'ಬೇಡ' ಎಂದವಳಲ್ಲ. ಅಂದರೂ ಕೇಳುವವರಲ್ಲ ಅವರು. ಒಂದೇ ಕಣ್ಣಿನಲ್ಲಿ ನೂರು ಹೆಜ್ಜೆಯಾದರೂ ಹೋಗುತ್ತಿದ್ದರೋ ಇಲ್ಲವೋ.

"ಬೂಟು ಕೊಡಿ ಮಾವ, ಹಿಮ ಕೊಡವ್ತೀನಿ," ಎಂದೆ.

ಬಿಚ್ಚಿ ಕೊಟ್ಟರು. ಕೊಡವಿದೆ. ಹೆಗಲ ಶಾಲನ್ನು ಅವರ ಕಡೆ ಸರಿಸಿ, ಕಾಲಿಗೆ ಸುತ್ತಿಕೊಳ್ಳಿ ಎಂದೆ. ಬೂಟುಗಳನ್ನು ಅಡಿಗೆ ಹಾಕಿಕೊಂಡು ಮೇಲೆ ಕೂತೆ.

"ಬೂಟೆಲ್ಲಿ?"

"ಒಣಗ್ತಿದೆ."

ಸ್ವಲ್ಪ ಹೊತ್ತು ಬಿಟ್ಟು, "ಒಣಗಿರ್ಬೇಕು," ಎಂದರು.

"ಇಲ್ಲ ಮಾವ."

ಆಗ ಅವರಿಗೆ ತಿಳಿಯಿತು. ಪಟ್ಟಿ ಇಲ್ಲದ ಕಣ್ಣು ನನ್ನನ್ನೇ ನೋಡಿತು. ಕೈ ಚಾಚಿದರು, ಗೇರಿನ ಕೋಲಿನ ತನಕ ಬಂದ ಕೈ ಅಲ್ಲೇ ನಿಂತಿತು. ಮಾವನಾದವನು ಸೊಸೆಯ ಮೈ ಮುಟ್ಟುವ ಹಾಗಿಲ್ಲ. ನಾನು ಕೂತಿದ್ದು ಬೂಟಿಗಿಂತ ಹೆಚ್ಚಾಗಿ ಆ ಕಟ್ಟಳೆಯ ಮೇಲೆ.

"ಏಳು."

"ಏಳಲ್ಲ ಮಾವ."

"ನನ್ನೆದುರು ಗಟ್ಟಿಯಾಗಿ ಸೀನಿದವಳಲ್ಲ ನೀನು."

"ಹೌದು ಮಾವ."

"ಕುರಿ ಸತ್ರೆ ನಿನ್ನ ತಲೆ ಮೇಲೆ."

"ಇರ್ಲಿ ಮಾವ."

ಆಮೇಲಿನ ಸರದಿಯೆಲ್ಲ ನನ್ನದೇ ಆಯಿತು. ಪ್ರತಿ ಸಲವೂ ಬೂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಜೀಪಿನ ಮೈಮೇಲಿಂದ ಒಂದು ಕೈ ತೆಗೆಯದೆ ಹಿಂದಕ್ಕೆ ಹೋಗಿ ಕೊಳವೆ ಬಿಡಿಸಿ ಬರುತ್ತಿದ್ದೆ.

"ಅದನ್ನೂ ಹೊತ್ಕೊಂಡು ಹೋಗ್ಬೇಕಾ?"

"ಗಾಳಿಗೆ ಬೇಗ ಒಣಗತ್ತೆ ಮಾವ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಕತ್ತಲಾಯಿತು. ರೊಟ್ಟಿ ಹಂಚಿಕೊಂಡೆವು, ಒಣಮೊಸರಿನ ಉಂಡೆ ಚೀಪಿದೆವು, ಒಬ್ಬರು ಎಚ್ಚರವಿದ್ದಾಗ ಒಬ್ಬರು ತೂಕಡಿಸಿದೆವು. ಅವರ ಮುಖ ಮಾತ್ರ ಇತ್ತ ತಿರುಗಲಿಲ್ಲ.

"ಕಾಲ್ಬೆರಳು ಆಡಿಸ್ತಿದೀರಾ ಮಾವ?" ಎಂದು ಆಗಾಗ ಕೇಳುತ್ತಿದ್ದೆ. ಶಾಲು ಮಾತ್ರ ಅಲುಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಸೊಂಟ ಹಿಡಿದು, ಕಣ್ಣು ಉರಿದು, ಬೆಳಗಾಗಲಿ ಎಂದು ಬಯಸುವ ಶಕ್ತಿಯೂ ಉಳಿದಿರಲಿಲ್ಲ.

ಬೆಳಿಗ್ಗೆ ಗಾಳಿ ತಗ್ಗಿತು. ದಾರಿ ಬಿಡಿಸಲು ಬಂದ ಟ್ರ್ಯಾಕ್ಟರಿನವನಿಗೆ ಕೆಂಪು ಬಟ್ಟೆ ಕಂಡಿತು. ಬೂಟುಗಳನ್ನು ಮಾವನ ಮುಂದಿಟ್ಟೆ. ಹಾಕಿಕೊಂಡರು.

ಮನೆ ಮುಟ್ಟಿದಾಗ ಅತ್ತೆ ದೊಡ್ಡಿಯ ಮುಂದೆ ಸಲಿಕೆ ಊರಿಕೊಂಡು ಕೂತಿದ್ದರು. ಬಾಗಿಲನ್ನು ಅರ್ಧ ಬಿಡಿಸಿದ್ದರು, ಅಷ್ಟೆ. ಒಳಮೂಲೆಯಲ್ಲಿ ಒತ್ತಿಕೊಂಡಿದ್ದ ಏಳು ಕುರಿ ಉಸಿರುಕಟ್ಟಿ ಸತ್ತಿದ್ದವು. ಅತ್ತೆ ಅಳಲಿಲ್ಲ. ಟ್ರ್ಯಾಕ್ಟರಿನವನಿಂದ ಜೀಪು ನಿಂತ ಜಾಗ ಕೇಳಿಕೊಂಡರು.

"ಆರೇ ಕಿಲೋಮೀಟರಂತೆ. ಕಣ್ಮುಚ್ಕೊಂಡು ನಡೆಯೋ ದಾರಿ. ಯಾಕೆ ಬರ್ಲಿಲ್ಲ ನೀವು?"

ನಾನು ನೆಲ ನೋಡಿದೆ. ಮಾವ ಒಂದು ಕುರಿಯ ಹಿಂಗಾಲು ಹಿಡಿದು ಬಗ್ಗಿದ್ದರು. ತಲೆಯೆತ್ತಲಿಲ್ಲ.

"ಸುಸ್ತಾಗಿತ್ತು ಕಣೇ. ಕೂತುಬಿಟ್ಟೆ."

ಆ ಮಾತು ಅವರ ಬಾಯಿಂದ ಬಂದಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಗಂಡನನ್ನು ಬಹಳ ಹೊತ್ತು ನೋಡಿದರು.

"ವಯಸ್ಸಾಯ್ತು ನಿಮಗೆ," ಎಂದರು.

"ಆಯ್ತು."

ಮಾವ ನನ್ನ ಕಡೆ ತಿರುಗದೆಯೇ, "ಮುಂಗಾಲು ಹಿಡ್ಕೋಮ್ಮ," ಎಂದರು. ಹಿಡಿದೆ. ಭಾರವಾಗಿತ್ತು, ಹೊಟ್ಟೆಯೊಳಗೆ ಮರಿ ಇತ್ತು. ಅದನ್ನು ಹೊರಗೆ ಎಳೆದು ಹಾಕಿ, ಇಬ್ಬರೂ ಇನ್ನೊಂದಕ್ಕೆ ಒಳಗೆ ಹೋದೆವು.