ಫ್ಯಾನು ತಿರುಗ್ತಿದೆಯಲ್ಲ, ಮತ್ತೇನು?

ನನ್ನ ಭಾವನ ಜೊತೆ ಕಾರಿನ ವಿಷಯ ಮಾತಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಗೋಡೆಯಾದರೂ "ಹಾಗಲ್ಲ ಕಣೋ" ಎಂದು ಶುರುಮಾಡುವುದಿಲ್ಲ.

ಭಾವ ಪುಸ್ತಕಗಳಿಗೆ ಬೈಂಡ್ ಹಾಕುವವರು. ತಮ್ಮ ಇಪ್ಪತ್ತೆರಡು ವರ್ಷದ ಹಳೇ ಕಾರಿನಲ್ಲೇ ಲೈಬ್ರರಿಗಳಿಗೆ ಪುಸ್ತಕ ಮುಟ್ಟಿಸುತ್ತಾರೆ, ಅದರಲ್ಲೇ ನನ್ನ ಅಕ್ಕನನ್ನು ವಾರಕ್ಕೆರಡು ಸಲ ಮೊಣಕಾಲಿನ ಚಿಕಿತ್ಸೆಗೆ ಕರೆದೊಯ್ಯುತ್ತಾರೆ. ನಾನು ಫ್ಯಾನ್ ರಿಪೇರಿಯವನು. ಮೂವತ್ತು ವರ್ಷದಿಂದ ಟೇಬಲ್ ಫ್ಯಾನು, ಸೀಲಿಂಗ್ ಫ್ಯಾನು, ಎಲ್ಲದರ ಹೊಟ್ಟೆ ಬಗೆದಿದ್ದೇನೆ. ಬೀದಿಯಲ್ಲಿ ನನ್ನ ಹೆಸರೇ ಫ್ಯಾನಣ್ಣ. ಹಾಗಾಗಿ ಎರಡು ತಿಂಗಳ ಹಿಂದೆ ಆ ಕಾರಿನ ರೇಡಿಯೇಟರ್ ಹಿಂದಿನ ಫ್ಯಾನಿನ ಮೋಟರ್ ಸುಟ್ಟುಹೋದಾಗ, ಇದಕ್ಕೆಲ್ಲ ಗ್ಯಾರೇಜ್ ಯಾಕೆ ಎಂದು ನಾನೇ ಬೇರೆ ಮೋಟರ್ ತಂದು ಕೂರಿಸಿದೆ. ಎರಡು ವೈರು, ಎರಡೂ ಮಾಸಿ ಕಪ್ಪಾಗಿದ್ದವು. ಹೊಸೆದು ಟೇಪು ಸುತ್ತಿದೆ. ಅರ್ಧ ಗಂಟೆಯ ಕೆಲಸ.

ಆಮೇಲೆ ಶುರುವಾಯಿತು ಕಾಟ. ಕಾರು ಖಾಲಿ ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರುತ್ತಿತ್ತು. ಭಾವ ಫೋನ್ ಮಾಡುತ್ತಿದ್ದರು. ನಾನು ಅಂಗಡಿ ಬಿಟ್ಟು ಓಡುತ್ತಿದ್ದೆ.

"ನೀರು ಹಾಕಿದ್ರಾ?"

"ಹಾಕಿದೀನಿ."

"ಫ್ಯಾನು ತಿರುಗ್ತಿದೆಯಲ್ಲ, ಮತ್ತೇನು? ನೀವು ಮೀಟರ್ ನೋಡಲ್ಲ ಭಾವ."

"ಹಾಗಲ್ಲ ಕಣೋ, ಕಾರಿನ ಮುಂದೆ ನಿಂತ್ರೆ ಬಿಸಿ ಗಾಳಿ..."

"ಇಂಜಿನ್ ಅಂದ್ರೆ ಬಿಸಿ ಇರದೆ ತಣ್ಣಗಿರುತ್ತಾ?"

ರೇಡಿಯೇಟರ್ ಮುಚ್ಚಳ ಬದಲಾಯಿಸಿದೆ. ಥರ್ಮೋಸ್ಟಾಟ್ ಬದಲಾಯಿಸಿದೆ. ರೇಡಿಯೇಟರ್ ಬಿಚ್ಚಿ ತೊಳೆದೆ. ಕಾರು ಮತ್ತೆ ಕುದಿಯಿತು. ನನ್ನ ತಲೆಯೂ ಕುದಿಯಿತು. ಕಾರಿನಲ್ಲಿ ತಪ್ಪಿಲ್ಲ ಎಂದಮೇಲೆ ಓಡಿಸುವವರಲ್ಲೇ ತಪ್ಪು ಎಂದು ತೀರ್ಮಾನಿಸಿ, ಭಾವನಿಗೆ ವಯಸ್ಸಾಯಿತು, ಗಮನ ಇರುವುದಿಲ್ಲ ಎಂದು ಮನೆಯವರಿಗೆಲ್ಲ ಹೇಳಿಕೊಂಡು ಬಂದೆ.

ಹೋದ ವಾರ ಆಸ್ಪತ್ರೆಗೆ ಹೋಗುವಾಗ ಮೂರನೇ ಸಲ ಕುದಿಯಿತು. ಅಕ್ಕ ಬಾತ ಮೊಣಕಾಲಿಟ್ಟುಕೊಂಡು ಸುಡುಬಿಸಿಲಿನಲ್ಲಿ ಒಂದು ಗಂಟೆ ಕೂತಳು. ಮನೆಗೆ ಬಂದವಳೇ, "ಮಾರಿಬಿಡಿ. ಇನ್ನು ನಿಮ್ಮ ಜೊತೆ ನಾನು ಕಾರು ಹತ್ತಲ್ಲ" ಎಂದಳು. ಭಾವ ಕೀಯನ್ನು ನನ್ನ ಕೈಗಿಟ್ಟರು. ಸದ್ಯ, ಪೀಡೆ ತೊಲಗಿತು ಎಂದುಕೊಂಡೆ.

ಭಾನುವಾರ ಹನ್ನೊಂದಕ್ಕೆ ಕೊಳ್ಳುವವನು ಬರಬೇಕಿತ್ತು. ನಾನು ಒಂಬತ್ತಕ್ಕೇ ಬಂದು ಗೇಟಿನ ಬಳಿ ಇಂಜಿನ್ ಚಾಲೂ ಮಾಡಿದೆ. ಭಾವ ಒಂದು ಸಣ್ಣ ಪುಸ್ತಕ ತಂದುಕೊಟ್ಟರು. ನೀಲಿ ಬಟ್ಟೆಯ ಬೈಂಡು, ಒಳಗೆ ಕಾರಿನ ಇಪ್ಪತ್ತೆರಡು ವರ್ಷದ ಲೆಕ್ಕಾಚಾರ: ಯಾವತ್ತು ಆಯಿಲ್ ಬದಲಾಯಿತು, ಯಾವತ್ತು ಟೈರು.

"ತಗೊಳ್ಳೋರಿಗೆ ಉಪಯೋಗ ಆಗುತ್ತೆ" ಎಂದು ಒಳಗೆ ಹೋದರು.

ಹಳೇ ಡಬ್ಬಕ್ಕೆ ಜಾತಕ ಬೇರೆ ಕೇಡು ಎಂದು ಗೊಣಗುತ್ತಾ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಂಬರ್ ಪ್ಲೇಟ್ ಒರೆಸತೊಡಗಿದೆ. ಪುಸ್ತಕವನ್ನು ಬಂಪರ್ ಮೇಲೆ ತೆರೆದಿಟ್ಟಿದ್ದೆ. ಇಂಜಿನ್ ಕಾದು ಫ್ಯಾನು ಗುರ್ರೆಂದಿತು. ಬಿಸಿ ಗಾಳಿ ನನ್ನ ಮುಖಕ್ಕೆ ಹೊಡೆಯಿತು. ಪುಸ್ತಕದ ಹಾಳೆಗಳು ಪಟಪಟನೆ ನನ್ನ ಕಡೆಗೆ ಬಡಿದುಕೊಂಡವು.

ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಆ ಫ್ಯಾನು ಹೊರಗಿನ ಗಾಳಿಯನ್ನು ರೇಡಿಯೇಟರ್ ಮೂಲಕ ಒಳಗೆ ಎಳೆಯಬೇಕು. ಹಾಳೆ ಕಾರಿನ ಮುಂದಿನ ಜಾಲರಿಗೆ ಅಂಟಿಕೊಳ್ಳಬೇಕು. ಇದು ಇಂಜಿನ್ನಿನ ಬಿಸಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ಮನೆಯ ಫ್ಯಾನಿನ ಪ್ಲಗ್ಗನ್ನು ಹೇಗೆ ಚುಚ್ಚಿದರೂ ರೆಕ್ಕೆ ಒಂದೇ ಕಡೆ ತಿರುಗುತ್ತದೆ. ಬ್ಯಾಟರಿಯ ಮೋಟರ್ ಹಾಗಲ್ಲ, ವೈರು ಅದಲುಬದಲಾದರೆ ಉಲ್ಟಾ ತಿರುಗುತ್ತದೆ. ಆಟಿಕೆ ಕಾರು ಬಿಚ್ಚಿದ ಮಕ್ಕಳಿಗೂ ಗೊತ್ತಿರುವ ವಿಷಯ. ಮೂವತ್ತು ವರ್ಷದ ಫ್ಯಾನಣ್ಣನಿಗೆ ಹೊಳೆಯಲಿಲ್ಲ.

ಇಂಜಿನ್ ನಿಲ್ಲಿಸಿ ಟೇಪು ಕಿತ್ತೆ, ವೈರು ಬದಲಿಸಿದೆ. ಮತ್ತೆ ಚಾಲೂ ಮಾಡಿ ಮುಂದೆ ಒಂದು ಹಳೇ ರಸೀದಿ ಹಿಡಿದೆ. ಅದು ಹೋಗಿ ಜಾಲರಿಗೆ ಕಚ್ಚಿಕೊಂಡಿತು. ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿದೆ. ಮುಳ್ಳು ನಡುವೆಯೇ ನಿಂತಿತ್ತು. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಂಪರ್ ಮೇಲಿನ ಪುಸ್ತಕ ಕೊನೆಯ ಪುಟಕ್ಕೆ ಬಂದು ನಿಂತಿತ್ತು. ಭಾವನ ದುಂಡಗಿನ ಅಕ್ಷರ. 'ಬಾಮೈದ ಹೊಸ ಫ್ಯಾನು ಹಾಕಿಕೊಟ್ಟ.' ಅದರ ಕೆಳಗೆ, 'ಕಾರು ಕುದಿಯಿತು. ತಪ್ಪು ನನ್ನದು, ಮೀಟರ್ ನೋಡಲಿಲ್ಲ.' ಅದರ ಕೆಳಗೆ, 'ಮತ್ತೆ ಕುದಿಯಿತು. ತಪ್ಪು ನನ್ನದು.' ಮೂರನೆಯದರ ಕೆಳಗೆ, 'ಇನ್ನು ಓಡಿಸುವುದಿಲ್ಲ.'

ಭಾವ ಹೊರಗೆ ಬಂದರು. ಹಿಂದೆಯೇ ಅಕ್ಕ, ಊರುಗೋಲು ಹಿಡಿದು.

"ಇಷ್ಟು ಹೊತ್ತು ಓಡಿದ್ರೂ ಬಿಸಿಯಾಗ್ಲಿಲ್ವಾ?" ಎಂದರು ಭಾವ. "ನನ್ನ ಕೈಗುಣಾನೇ ಸರಿ ಇಲ್ಲ ಬಿಡು."

"ನಿಮ್ಮ ಕೈಗುಣ ಅಲ್ಲ" ಎಂದೆ. "ವೈರು ಉಲ್ಟಾ ಕೊಟ್ಟಿದ್ದೆ. ಎರಡು ತಿಂಗಳಿಂದ ಫ್ಯಾನು ಉಲ್ಟಾ ತಿರುಗ್ತಿತ್ತು. ಎಲ್ಲಾ ನಂದೇ ತಪ್ಪು, ಭಾವ."

ಭಾವ ಸಿಟ್ಟಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಮುಂದೆ ನಿಂತ್ರೆ ಬಿಸಿ ಗಾಳಿ ಬರುತ್ತೆ ಅಂತ ಎಷ್ಟು ಸಲ ಹೇಳಿದೆ? ಒಂದು ಸಲನಾದ್ರೂ ಮಾತು ಮುಗಿಸೋಕೆ ಬಿಟ್ಯಾ?" ಕೈ ಚಾಚಿದರು. "ಕೀ ಕೊಡು."

ಕೊಟ್ಟೆ. ಭಾವ ಸ್ಟೇರಿಂಗ್ ಮುಂದೆ ಕೂತರು. ಅಕ್ಕ ನಿಧಾನಕ್ಕೆ ಮೆಟ್ಟಿಲಿಳಿದು, ಮುಂದಿನ ಬಾಗಿಲು ತೆಗೆದು ಗಂಡನ ಪಕ್ಕದ ಸೀಟಿನಲ್ಲಿ ಕೂತಳು.

"ಜನ ಜಾಸ್ತಿ ಇರೋ ಕಡೆನೇ ಹೋಗ್ರೀ" ಎಂದಳು. "ಎಲ್ಲಾ ಸಿಗ್ನಲ್‌ನಲ್ಲೂ ನಿಲ್ಲಿಸಿ."

"ಅಕ್ಕಾ, ಕೊಳ್ಳೋನು ಬಂದ್ರೆ ಏನು ಹೇಳ್ಲಿ?"

"ಈಗ ನಮಗೆ ಹೇಳಿದ್ಯಲ್ಲ, ಅದನ್ನೇ ಹೇಳು."

ಹನ್ನೊಂದಕ್ಕೆ ಸರಿಯಾಗಿ ಅವನು ಬಂದ. ಖಾಲಿ ಗೇಟಿನ ಮುಂದೆ ನಿಂತು, ನಾನು ಮೊದಲಿನಿಂದ ಎಲ್ಲವನ್ನೂ ಹೇಳಿದೆ.