ಇಳಿಜಾರಿನಲ್ಲಿ ನಿಂತ ಗಾಡಿ

ಬಲಗಾಲು ಮಡಚಲೇ ಇಲ್ಲ.

ಕಾಶಿನಾಥ ಮೊಣಕಾಲಿನ ಕೆಳಗೊಂದು ಕೈ, ಪಾದದ ಮೇಲೊಂದು ಕೈ ಇಟ್ಟು ಇನ್ನೊಮ್ಮೆ ಒತ್ತಿ ನೋಡಿದ. ಎಡಗಾಲು ಹೇಳಿದ ಮಾತು ಕೇಳಿ ಆಗಲೇ ಮಡಚಿಕೊಂಡಿತ್ತು. ಬಲಗಾಲು ಮಾತ್ರ ತೊಡೆಯಿಂದ ಹಿಮ್ಮಡಿಯವರೆಗೆ ಬಾತು, ಚರ್ಮ ಬಿಗಿದು, ಮುಂದಕ್ಕೆ ಚಾಚಿಕೊಂಡೇ ಇತ್ತು. ಹೆಣವನ್ನು ಕೂರಿಸಿ ಮಣ್ಣು ಮಾಡುವ ಮಂದಿ ಇವರು. ಕಾಲು ಮಡಚದೆ ಚಂದ್ರಾಮನನ್ನು ಗೋಡೆಗೆ ಆನಿಸಿ ಕೂರಿಸುವ ಹಾಗಿರಲಿಲ್ಲ.

"ಬಿಸಿನೀರು ಹಾಕಿ ತಿಕ್ಕೋ ಕಾಶಿ, ಸಡಿಲ ಆಗ್ತೈತಿ," ಎಂದರು ಸಿದ್ದರಾಮಪ್ಪ. ಆ ಬಸ್ತಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ಎಲ್ಲ ಮಾಡಿಸುವ ಹಿರಿಯರು ಅವರು. "ಇಪ್ಪತ್ತು ವರ್ಷ ಆತು ಈ ಕೆಲಸ ಮಾಡಾಕತ್ತು. ಹಿಂಗ ಹಟ ಹಿಡಿದ ಕಾಲು ನೋಡಿಲ್ಲ ನೋಡು."

ಮೂಲೆಯಲ್ಲಿ ಕೂತಿದ್ದ ಚಂದ್ರಾಮನ ಹೆಂಡತಿ ಸುಗಲಮ್ಮ ಅತ್ತು ಅತ್ತು ಒಣಗಿದ ಗಂಟಲಿನಲ್ಲಿ ಮಾತಾಡಿದಳು. "ಹದಿನೈದು ದಿನ ಆತ್ರೀ ಕಾಲು ಬಾತು. ದವಾಖಾನಿಗೆ ನಡಿ ಅಂದ್ರ, ಸಾಹೇಬ್ರ ಡ್ಯೂಟಿ ಐತಿ ಅಂದ. ನಿನ್ನಿ ಡಾಕ್ಟರು ಏನಂದ್ರು ಗೊತ್ತೇನು? ತಾಸುಗಟ್ಲೆ ಕುಂತಲ್ಲೇ ಕುಂತು ಕಾಲಿನ ನರದಾಗ ರಗತ ಹೆಪ್ಪುಗಟ್ಟಿ, ಅದು ಎದಿಗೆ ಏರೈತಿ ಅಂದ್ರು. ಉಳಿದ ಡ್ರೈವರ್‌ಗೋಳು ಇಳಿದು ಚಾ ಕುಡೀತಾರ, ಅಡ್ಡಾಡ್ತಾರ. ಇವ ಯಾಕ ಇಳೀಲಿಲ್ಲ, ಕಾಶಣ್ಣ? ನೀ ಅಂವನ ದೋಸ್ತ. ನಿನಗೇನರ ಹೇಳಿದ್ನೇನು?"

ಕಾಶಿನಾಥನ ಕೈ ಆ ಕಾಲಿನ ಮೇಲೆಯೇ ನಿಂತುಬಿಟ್ಟಿತು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಈ ಹೈದರಾಬಾದಿನಲ್ಲಿ ಇಬ್ಬರೇ. ಒಬ್ಬ ಇಲ್ಲಿ ಮಲಗಿದ್ದ.

"ಇಲ್ಲವ್ವ," ಎಂದ ಇನ್ನೊಬ್ಬ. "ನನಗೇನು ಹೇಳಿಲ್ಲ."

*

ಹತ್ತು ತಿಂಗಳ ಹಿಂದೆ, ಕುಷಾಯಿಗೂಡದ ಕಾಶಿನಾಥನ ರಿಪೇರಿ ಶೆಡ್ಡಿನ ಮುಂದೆ ಆ ಗಾಡಿ ಬಂದು ನಿಂತಾಗ ಓಣಿಯ ಮಂದಿಯೆಲ್ಲ ನೋಡಲು ಹೊರಗೆ ಬಂದಿದ್ದರು. ಫಾರಿನ್ ಗಾಡಿ. ಕಪ್ಪು ಬಣ್ಣ, ಮಂಚದಂಥ ಸೀಟುಗಳು, ಎರಡೂವರೆ ಟನ್ ತೂಕ. ಚಂದ್ರಾಮ ಅದನ್ನು ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯ ಮಾಲೀಕ ಅರವಿಂದ್‌ಗಾಗಿ ಓಡಿಸುತ್ತಿದ್ದ. ಕಾಶಿನಾಥ, ಚಂದ್ರಾಮ ಇಬ್ಬರೂ ಚಿತ್ತಾಪುರದ ಕಡೆಯ ಒಂದೇ ಊರಿನವರು, ಒಂದೇ ರೈಲಿನಲ್ಲಿ ಟಿಕೆಟಿಲ್ಲದೆ ಬಂದವರು. ಒಬ್ಬ ಸ್ಪ್ಯಾನರ್ ಹಿಡಿದ, ಒಬ್ಬ ಸ್ಟೀರಿಂಗ್ ಹಿಡಿದ, ಅಷ್ಟೇ ವ್ಯತ್ಯಾಸ.

"ಅಡಿಯಾಗ ಕರಕರ ಅಂತೈತೋ," ಎಂದ ಚಂದ್ರಾಮ.

ಬಿಚ್ಚಿ ನೋಡಿದರೆ ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡ ಇನ್ನೊಂದು ಪೆಟ್ಟಿಗೆ ಅದು. ಇಂಜಿನಿನ ಜೋರನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಪಾಲು ಹಾಕಿ ಕೊಡುವುದು ಅದರ ಕೆಲಸ. ಒಳಗೆ ಗೇರನ್ನು ಹಿಡಿದಿಡುವ ಫೋರ್ಕು ಸವೆದುಹೋಗಿತ್ತು. ಶೋರೂಮಿನವರು ಇಡೀ ಪೆಟ್ಟಿಗೆಯೇ ಹೊರದೇಶದಿಂದ ಬರಬೇಕು, ಎರಡು ತಿಂಗಳು ಹಿಡಿಯುತ್ತದೆ ಎಂದಿದ್ದರು. ಅರವಿಂದ್ ಬೇಸತ್ತು, ಹಾಗಿದ್ದರೆ ಮಾರಿಬಿಡ್ತೀನಿ, ಕಂಪನಿಯ ಕ್ಯಾಬೇ ಸಾಕು ಎಂದಿದ್ದರು. ಗಾಡಿ ಹೋದರೆ ಚಂದ್ರಾಮನ ನೌಕರಿಯೂ ಹೋದಂತೆ.

"ಫಾರಿನ್ ಆದ್ರೇನಾತು? ಕಬ್ಬಿಣ ಕಬ್ಬಿಣೇ," ಎಂದು ಕಾಶಿನಾಥ ಎದೆ ತಟ್ಟಿಕೊಂಡ. ಸವೆದ ಫೋರ್ಕಿಗೆ ವೆಲ್ಡಿಂಗ್ ತುಂಬಿದ, ಉಜ್ಜಿದ, ಕೂರಿಸಿದ. ಗಾಡಿ ಬೆಣ್ಣೆಯಂತೆ ಓಡಿತು. ಅರವಿಂದ್ ತಾವೇ ಶೆಡ್ಡಿಗೆ ಬಂದು ಕೈ ಕುಲುಕಿದರು, ತಮ್ಮ ಗೆಳೆಯರ ಗಾಡಿಗಳನ್ನೂ ಕಳಿಸಿದರು. ಆ ತಿಂಗಳು ಕಾಶಿನಾಥನ ಕಾಲು ನೆಲದ ಮೇಲಿರಲಿಲ್ಲ.

ತಿಂಗಳು ತುಂಬುವಷ್ಟರಲ್ಲಿ ಚಂದ್ರಾಮ ಮತ್ತೆ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕಾಶಿ, ಇಳಿಜಾರಿನ್ಯಾಗ ನಿಲ್ಲಿಸಿ, ಗೇರು ಪಾರ್ಕಿಗೆ ಹಾಕಿ ಇಳಿದೆ. ಅಡಿಯಾಗ ಟಕ್ ಅಂತು. ಗಾಡಿ ತಾನೇ ಹೊಂಟು ಬಿಡ್ತೋ! ಹಿಂದ ಒಂದು ಕೂಸು ಆಡಾಕತ್ತಿತ್ತು. ಹೆಂಗ ಹಾರಿ ಬ್ರೇಕ್ ತುಳಿದೆನೋ ಆ ಶಿವನಿಗೇ ಗೊತ್ತು."

ಕಾಶಿನಾಥನಿಗೆ ಕೇಳುತ್ತಲೇ ತಿಳಿಯಿತು. ವೆಲ್ಡಿಂಗ್ ಮಾಡಿದ ಫೋರ್ಕು ಜಾರುತ್ತಿದೆ. ಆ ಪೆಟ್ಟಿಗೆ ಹಿಡಿತ ಬಿಟ್ಟರೆ ಗೇರು ಪಾರ್ಕಿನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಚಕ್ರಗಳನ್ನು ತಡೆಯುವವರೇ ಇಲ್ಲ.

"ಸಾಹೇಬ್ರಿಗೆ ಹೇಳಿಬಿಡ್ತೀನಿ," ಎಂದ ಚಂದ್ರಾಮ.

"ಹುಚ್ಚನ ಹಂಗ ಮಾಡಬ್ಯಾಡ! ನನ್ನ ಮಾನ ಹೋಗ್ತೈತಿ, ನಿನ್ನ ನೌಕರಿ ಹೋಗ್ತೈತಿ. ಮುಂದಿನ ತಿಂಗಳು ಸಾಹೇಬ್ರು ಫಾರಿನ್ನಿಗೆ ಹೊಂಟಾರಲ್ಲ, ಆವಾಗ ತಾ, ಮತ್ತ ಬಿಚ್ಚತೀನಿ. ಅಲ್ಲಿತನಕ ಸಂಭಾಳಿಸು. ಹ್ಯಾಂಡ್‌ಬ್ರೇಕ್ ಒಂದನ್ನ ನಂಬಿ ಗಾಡಿ ಬಿಟ್ಟು ಇಳೀಬ್ಯಾಡ, ಇಷ್ಟು ತೂಕ ಅದು ತಡಿಯೂದಿಲ್ಲ. ಬ್ರೇಕಿನ ಮ್ಯಾಲ ಕಾಲಿಟ್ಟು ಕುಂತುಬಿಡು, ಮುಗೀತು."

ಸಾಹೇಬರ ಪ್ರವಾಸ ಒಂದು ಸಲ ಮುಂದೆ ಹೋಯಿತು, ಎರಡು ಸಲ ಹೋಯಿತು, ಆಮೇಲೆ ರದ್ದೇ ಆಯಿತು. ಚಂದ್ರಾಮ ಕೂತೇ ಇದ್ದ.

*

ಹತ್ತು ಗಂಟೆಗೆ ಅರವಿಂದ್ ಬಂದರು. ಓಣಿಯ ಬಾಯಲ್ಲಿ ಆ ಕಪ್ಪು ಗಾಡಿಯ ಮೂತಿ ಕಂಡದ್ದೇ ಕಾಶಿನಾಥ ಅದು ನಿಂತ ನೆಲ ಸಮತಟ್ಟಾಗಿದೆಯೇ ಎಂದು ನೋಡಿದ. ಡ್ರೈವರ್ ಸೀಟಿನಿಂದ ಇಳಿದವರು ಸಾಹೇಬರೇ. ದಾವಣಗೆರೆಯ ಕಡೆಯವರು, ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ನೋಡಿ.

ಅಷ್ಟು ಹೊತ್ತಿಗೆ ಬಿಸಿನೀರಿಗೆ ಮಣಿದು ಕಾಲು ಹೇಗೋ ಮಡಚಿತ್ತು. ವಿಭೂತಿ ಬಳಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ ಚಂದ್ರಾಮನ ಮುಂದೆ ಅರವಿಂದ್ ಕೈಮುಗಿದು ನಿಂತರು. ಕಣ್ಣು ತುಂಬಿಕೊಂಡೇ ಮಾತಾಡಿದರು. "ಏಳು ವರ್ಷ ಅಮ್ಮ. ಈಚೆಗಂತೂ ಯಾವ ಹೊತ್ತಿಗೆ ಕೆಳಗೆ ಬಂದರೂ ಸೀಟಲ್ಲೇ ಇರ್ತಿದ್ದ. ಬೇರೆ ಡ್ರೈವರ್‌ಗಳನ್ನ ಹುಡುಕಬೇಕು, ಇವನನ್ನ ಒಂದು ದಿನಾನೂ ಹುಡುಕಲಿಲ್ಲ. ಇಂಥ ನಿಯತ್ತು ಇನ್ನೆಲ್ಲಿ ಸಿಗತ್ತೆ?"

ಹೆಂಗಸರು ಹೋ ಎಂದು ಅತ್ತರು. ಸುಗಲಮ್ಮನ ಮುಖದಲ್ಲಿ ಆ ದುಃಖದ ನಡುವೆಯೂ ಒಂದು ಹೆಮ್ಮೆ ಸುಳಿಯಿತು. ಕಾಶಿನಾಥ ಅದನ್ನು ನೋಡಲಾರದೆ ಬಾಗಿಲ ಕಡೆ ತಿರುಗಿದ.

"ಮಲ್ಲುಗೆ ಲೈಸೆನ್ಸ್ ಇದೆಯಂತಲ್ಲ?" ಎಂದು ಅರವಿಂದ್ ಚಂದ್ರಾಮನ ತಮ್ಮನ ಹೆಗಲ ಮೇಲೆ ಕೈಯಿಟ್ಟರು. ಮಲ್ಲು ಮೂವತ್ತರ ಆಳು, ಎರಡು ಮಕ್ಕಳ ತಂದೆ, ಸಿಮೆಂಟಿನ ಲಾರಿ ಓಡಿಸುವವನು. "ದಿನಕರ್ಮ ಎಲ್ಲ ಮುಗಿಸಿಕೊಂಡು ಬಂದುಬಿಡಪ್ಪ. ಅಣ್ಣನ ಜಾಗ ನಿನ್ನದೇ."

ಮಲ್ಲು ಸಾಹೇಬರ ಕಾಲಿಗೆ ಬಿದ್ದ. ಕಾಶಿನಾಥ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ಸರಿದ.

ಹೆಣವನ್ನು ಅಲಂಕರಿಸಿದ ಕುರ್ಚಿಯಲ್ಲಿ ಕೂರಿಸಿ ಗಂಡಸರು ಹೊತ್ತು ನಡೆದರು. ಚಂದ್ರಾಮನ ತಾಯಿ ಅನ್ನಮ್ಮನಿಗೆ ಮೊಣಕಾಲು ನೋವು, ನಾಲ್ಕು ಹೆಜ್ಜೆ ನಡೆಯಲಾಗದು. "ಅಜ್ಜಿ ಮತ್ತೆ ಹೆಣ್ಣುಮಕ್ಕಳು ನನ್ನ ಗಾಡಿಯಲ್ಲಿ ಬರಲಿ," ಎಂದರು ಅರವಿಂದ್.

"ನಾ ಓಡಿಸ್ತೀನ್ರಿ ಸಾರ್!" ಕಾಶಿನಾಥ ಓಡಿ ಬಂದ.

"ಬೇಡ ಕಾಶಿನಾಥ್. ಅವನು ನನ್ನನ್ನ ಏಳು ವರ್ಷ ಕೂರಿಸಿಕೊಂಡು ಓಡಿಸಿದ. ಇವತ್ತೊಂದು ದಿನ ಅವನ ಮನೆಯವರನ್ನ ನಾನು ಓಡಿಸ್ತೀನಿ."

ಅಜ್ಜಿಯನ್ನು ಹಿಡಿದುಕೊಳ್ಳುತ್ತೇನೆ ಎಂದು ಕಾಶಿನಾಥ ಹಿಂದಿನ ಸೀಟಿಗೆ ಹತ್ತಿ ಕೂತ.

ರುದ್ರಭೂಮಿ ಬಂಡೆಗಲ್ಲಿನ ಗುಡ್ಡದ ಮೇಲಿತ್ತು. ಕೆಳಗೆ ಬೇವಿನ ಮರದ ನೆರಳು, ಸಮತಟ್ಟು ನೆಲ. "ಇಲ್ಲೇ ನಿಲ್ಲಿಸ್ರಿ ಸಾರ್, ಮ್ಯಾಲ ಬ್ಯಾಡ್ರಿ. ಅಜ್ಜೀನ ನಾ ಎತ್ಕೊಂಡು ಹೋಗ್ತೀನಿ," ಎಂದ ಕಾಶಿನಾಥ. ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಯಾಕ್ರೀ ಅಷ್ಟು ಹೆದರ್ತೀರಿ? ಈ ಗಾಡಿ ಇರೋದೇ ಇಂಥ ದಾರಿಗಲ್ವಾ? ನೀವೇ ರಿಪೇರಿ ಮಾಡಿದ ಗಾಡಿ!" ಅರವಿಂದ್ ಸೀದಾ ಗುಡ್ಡ ಏರಿಸಿ, ಹೆಣ ಇಳಿಸಲು ತೋಡಿಟ್ಟ ಕುಣಿಗೆ ಐವತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಗೇರನ್ನು ಪಾರ್ಕಿಗೆ ತಳ್ಳಿ, ಕೀಲಿ ಕಿತ್ತುಕೊಂಡು ಇಳಿದರು. ಸುಗಲಮ್ಮ, ಮಗಳು ಭಾಗ್ಯಶ್ರೀ ಇಳಿದರು. ಅಜ್ಜಿ ಒಳಗೇ ಇದ್ದು ಕಿಟಕಿಯಿಂದ ಮಗನ ಮುಖ ನೋಡಲಿ ಎಂದಾಯಿತು; ಅವಳ ಪಕ್ಕ ಕಾಶಿನಾಥನೂ ಉಳಿದ. ಹಿಂದೆ, ಇಳಿಜಾರಿನ ಬುಡದಲ್ಲಿ, ನಡೆದು ಬಂದು ದಣಿದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬೇವಿನ ನೆರಳಿನಲ್ಲಿ ಕೂತಿದ್ದರು.

ಬಾಗಿಲು ಮುಚ್ಚಿದ ಮೇಲೆ, ಅಡಿಯಿಂದ, ಮೆಲ್ಲಗೆ ಟಕ್ ಅಂದಿತು.

ಹಿಂದಿನ ಗಾಜಿನಲ್ಲಿ ಬೇವಿನ ಮರ ಹತ್ತಿರ ಬರತೊಡಗಿತು. ಐವತ್ತು ದಾಟಿದ, ಬೊಜ್ಜು ಬಂದ ಕಾಶಿನಾಥ ಎರಡು ಸೀಟುಗಳ ಸಂದಿಯಲ್ಲಿ ಹೇಗೆ ತೂರಿದನೋ, ಅಂಗಿ ಹರಿಯಿತು, ಮೊಣಕಾಲು ಗೀರಿತು. ಬಲಗಾಲು ಬ್ರೇಕಿಗೆ ಬಿತ್ತು. ಇಂಜಿನ್ ನಿಂತಿದ್ದರಿಂದ ಪೆಡಲು ಕಲ್ಲಿನಂತಾಗಿತ್ತು. ಇದ್ದ ತೂಕವೆಲ್ಲ ಹಾಕಿ ಒತ್ತಿದ. ಗಾಡಿ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದ. ಒಂಬತ್ತು ತಿಂಗಳು ದಿನಕ್ಕೆ ನೂರು ಸಲ ಎಳೆಸಿಕೊಂಡದ್ದು, ಪೂರಾ ಮೇಲೆ ಬಂದರೂ ಏನನ್ನೂ ಹಿಡಿಯಲಿಲ್ಲ. ಕುಣಿಯ ಸುತ್ತ ಶಂಖ, ಜಾಗಟೆ, ಅಳು. ಯಾರೂ ಇತ್ತ ನೋಡಲಿಲ್ಲ.

"ಗಾಡಿ ಅಲುಗಿತಲ್ಲೋ ಕಾಶಿ?" ಎಂದಳು ಹಿಂದಿನಿಂದ ಅನ್ನಮ್ಮ.

"ಏನಿಲ್ಲ ಯವ್ವಾ. ನೀ ಅಂವನ್ನ ನೋಡು."

*

ಮೂರು ತಿಂಗಳ ಹಿಂದೆ ಒಮ್ಮೆ ಕಾಶಿನಾಥ ಕೊಂಡಾಪುರಕ್ಕೆ ಹೋಗಿದ್ದ. ಗಾಜಿನ ಕಟ್ಟಡದ ಹೊಟ್ಟೆಯೊಳಕ್ಕೆ ಇಳಿಯುವ ಇಳಿಜಾರು ದಾರಿಯ ಅಂಚಿನಲ್ಲಿ ಗಾಡಿಗಳ ಸಾಲು; ಕಾಯುವ ಗಾಡಿಗಳಿಗೆ ಇದ್ದದ್ದು ಅದೊಂದೇ ಜಾಗ. ಚಂದ್ರಾಮ ಸೀಟಿನಲ್ಲೇ ಕೂತು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದ. ಆಚೆ ಉಳಿದ ಡ್ರೈವರುಗಳು ಇಸ್ಪೀಟು ಆಡುತ್ತ, "ಏ ನವಾಬ್, ಉತರೋ ನಾ!" ಎಂದು ಇಳಿದು ಬರಲು ಕರೆದು ಕಿಚಾಯಿಸುತ್ತಿದ್ದರು.

"ಚಕ್ರಕ್ಕ ಒಂದು ಕಲ್ಲರ ಇಡೋ," ಎಂದಿದ್ದ ಕಾಶಿನಾಥ.

"ಸೆಕ್ಯುರಿಟಿಯವ್ರು ಎತ್ತಿ ಒಗೀತಾರ. ಬಿಲ್ಡಿಂಗಿನ ಚಂದ ಕೆಡತೈತಂತ," ಎಂದು ಚಂದ್ರಾಮ ನಕ್ಕ. "ರೂಢಿ ಆಗೈತಿ ಬಿಡು. ಕನಸಿನ್ಯಾಗೂ ಬ್ರೇಕ್ ತುಳೀತೀನಿ. ಸುಗಲಿ ಒದಿಸಿಕೊಂಡು ಬೈತಾಳ. ಒಂದೇ ಅಂಜಿಕಿ ಕಾಶಿ, ನಿದ್ದಿ ಹತ್ತಿ ಕಾಲು ಸಡಿಲ ಆದ್ರ?"

ಕಾಶಿನಾಥನೂ ನಕ್ಕಿದ್ದ. ನಕ್ಕು, ಬಸ್ಸು ಹಿಡಿದು ಮನೆಗೆ ಹೋಗಿದ್ದ.

*

ಅರ್ಧ ಗಂಟೆಗೆಲ್ಲ ತೊಡೆ ನಡುಗಲು ಶುರುವಾಯಿತು. ಪಾದ ತನ್ನದೋ ಬೇರೆಯವರದೋ ತಿಳಿಯದಾಯಿತು. ಕನ್ನಡಿಯಲ್ಲಿ ಬೇವಿನ ಮರದ ಕೆಳಗೆ ಒಂದು ಕೂಸು ಅಂಬೆಗಾಲಿಡುತ್ತಿತ್ತು. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ಇಂಥ ಒಂಬತ್ತು ತಿಂಗಳು! ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಲ್ಲು ಓಡಿ ಬಂದ. ಅಂಗಿಯ ಜೇಬಿನಲ್ಲಿ ಕೀಲಿ ಜೋತಾಡುತ್ತಿತ್ತು. "ಕಾಶಣ್ಣ, ಇಲ್ಲೇನ್ ಕುಂತಿ? ಎಲ್ಲಾರೂ ಮಣ್ಣ ಹಾಕಿದ್ರು, ನೀನೊಬ್ಬ ಉಳಿದಿ. ವೈನಿ ಕರಿಯಾಕತ್ಯಾಳ. ವಾಪಸ್ ಹೋಗುವಾಗ ನಾನೇ ಓಡಿಸಬೇಕಂತ, ಸಾಹೇಬ್ರು ನನಗ ಕೀಲಿ ಕೊಟ್ಟಾರ."

"ಮೊದಲ ನಾಕು ದೊಡ್ಡ ಕಲ್ಲು ತಗೊಂಬಾ. ಹಿಂದಿನ ಚಕ್ರಕ್ಕ ಇಡು. ಜಲ್ದಿ!"

ಅವನ ಮುಖ ನೋಡಿ ಮಲ್ಲು ಕುಣಿಯಿಂದ ತೆಗೆದ ಕಲ್ಲುಗಳನ್ನು ಹೊತ್ತು ತಂದ. ಅದನ್ನು ಕಂಡು ಅರವಿಂದ್ ಬಂದರು, ಸುಗಲಮ್ಮ ಬಂದಳು.

"ಕಲ್ಲು ಯಾಕೆ? ಪಾರ್ಕಿಂಗಲ್ಲಿದೆಯಲ್ಲ," ಎಂದರು ಅರವಿಂದ್.

ಇಳಿಜಾರಲ್ಲವೇ ಸಾರ್, ಸುಮ್ಮನೆ ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಮಲ್ಲುವಿನ ಜೇಬಿನ ಕೀಲಿ ಕಣ್ಣಿಗೆ ಬಿತ್ತು.

"ಪಾರ್ಕು ಹಿಡಿಯೂದಿಲ್ರಿ ಸಾರ್. ಒಂಬತ್ತು ತಿಂಗಳಾತು. ನಾ ಮಾಡಿದ ರಿಪೇರಿ ನಿಲ್ಲಲಿಲ್ಲ. ಚಂದ್ರಾಮ ನಿಮಗ ಹೇಳ್ತೀನಿ ಅಂದಿದ್ದ. ನಾನೇ ಬಾಯಿ ಮುಚ್ಚಿಸಿದೆ. ಇಳೀಬ್ಯಾಡ, ಬ್ರೇಕ್ ತುಳಿದು ಕುಂತುಬಿಡು ಅಂದೆ. ಅದಕ್ಕ ಕುಂತಾನ್ರಿ ಅಂವ. ಕುಂತು ಕುಂತೇ ಸತ್ತಾನ."

ನಿಯತ್ತು ಎಂದು ತಾವು ಹೊಗಳಿದ್ದು ನೆನಪಾಯಿತೋ ಏನೋ, ಅರವಿಂದ್ ಅವರ ಮುಖ ಸುಟ್ಟಂತಾಯಿತು.

"ಉಣ್ಣಾಕೂ ಇಳೀತಿದ್ದಿಲ್ಲೇನು?" ಸುಗಲಮ್ಮ ಕೇಳಿದಳು.

"ಇಲ್ಲವ್ವ."

"ದೋಸ್ತರ ಜೋಡಿ ಕುಂತು ಉಂಡೆ ಅಂತಿದ್ದ, ದಿನಾ." ಅವಳು ಅಳಲಿಲ್ಲ. ಕಾಶಿನಾಥನ ಮುಖವನ್ನೇ ನೋಡಿದಳು. ಅವನು ಬೈಗುಳಕ್ಕೆ, ಹೊಡೆತಕ್ಕೆ, ಯಾವುದಕ್ಕೂ ತಯಾರಾಗಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಅವಳು ಮಲ್ಲುವಿನ ಜೇಬಿಗೆ ಕೈಹಾಕಿ ಕೀಲಿ ತೆಗೆದು ಅರವಿಂದ್ ಅವರ ಅಂಗೈಯಲ್ಲಿ ಇಡುತ್ತಿದ್ದಳು. "ನಮ್ಮ ಮನಿಯಾವ ಒಬ್ಬ ಕುಂತಿದ್ದು ಸಾಕ್ರಿ ಸಾಹೇಬ್ರ," ಎಂದು ತಿರುಗಿ ಕುಣಿಯ ಕಡೆ ನಡೆದುಬಿಟ್ಟಳು.

ಮಲ್ಲು ಅಳುತ್ತಲೇ ಅನ್ನಮ್ಮನನ್ನು ಎತ್ತಿಕೊಂಡು ಇಳಿಸಿದ. ಯಾರೋ ಬೇವಿನ ಕೆಳಗಿನ ಹೆಂಗಸರನ್ನು ಎಬ್ಬಿಸಿ ದೂರ ಕಳಿಸಿದರು. ಎರಡೂ ಚಕ್ರಗಳಿಗೆ ಎರಡೆರಡು ಕಲ್ಲು ಬಿದ್ದವು.

"ಇಳೀರಿ ಈಗ," ಎಂದರು ಅರವಿಂದ್, ಬೇರೆಲ್ಲೋ ನೋಡುತ್ತ.

ಕಾಶಿನಾಥ ಕಾಲು ತೆಗೆಯಲು ನೋಡಿದ. ಬರಲಿಲ್ಲ. ಕಲ್ಲು ಇದೆ, ಹಿಂದೆ ಯಾರೂ ಇಲ್ಲ, ಎಲ್ಲ ಗೊತ್ತು. ಆದರೂ ತೆಗೆದ ಕೂಡಲೇ ಟಕ್ ಎನ್ನುತ್ತದೆ ಎಂದು ಜೀವ ಹೆದರಿ ಕೂತಿತ್ತು.

ಅಲ್ಲಿ ಸಲಿಕೆ ಹಿಡಿದವರು ಕುಣಿ ಮುಚ್ಚಲು ಬಗ್ಗಿದ್ದರು. "ತಡೀರಿ," ಎಂಬ ಸುಗಲಮ್ಮನ ದನಿ ಕೇಳಿಸಿತು. "ಇನ್ನೂ ಒಬ್ಬಾವ ಬರೋದೈತಿ."

ಅವಳು ಒಂದು ಹಿಡಿ ಮಣ್ಣು ತೆಗೆದುಕೊಂಡು, ಕೈಯನ್ನು ಗಾಡಿಯ ಕಡೆ ಚಾಚಿ ನಿಂತಳು. ಬಿಸಿಲಿಗೆ ಒಣಗಿದ ಮಣ್ಣು ಬೆರಳ ಸಂದಿಯಿಂದ ಉದುರಿ ಕಡಿಮೆಯಾದಾಗ, ಬಗ್ಗಿ ಮತ್ತೆ ತುಂಬಿಕೊಂಡಳು.