ಟೆನಿಸ್ ಗೊತ್ತಿಲ್ಲದ ತಲೆ

ಗುಬ್ಬಿ ಕಡೆಯ ತೋಟದಲ್ಲಿ ತೆಂಗಿನಮರದಿಂದ ಬಿದ್ದ ಬೀರಯ್ಯ ತುಮಕೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿ ನಲವತ್ತು ದಿನವಾಗಿತ್ತು. ಮೂಗಿನಲ್ಲಿ ಗಂಜಿಯ ಪೈಪು. ಗಂಟಲಲ್ಲಿ ಇನ್ನೊಂದು, ಗಂಟೆಗೊಮ್ಮೆ ಯಂತ್ರ ಕಫ ಎಳೆಯಬೇಕು. ಬೆನ್ನಿನ ಹುಣ್ಣನ್ನು ಹೆಂಡತಿ ತಿಪ್ಪಮ್ಮ ಒರೆಸುತ್ತಿದ್ದಳು. ತೋಟದ ಯಜಮಾನರು ಒಮ್ಮೆ ಬಂದು, ಬಾಯಿ ತೆರೆಯಲಾರದವನ ತಲೆದೆಸೆಯಲ್ಲಿ ನಾಲ್ಕು ಎಳನೀರು ಇಟ್ಟು, ಕರ್ತವ್ಯ ಮುಗಿಸಿ ಹೋಗಿದ್ದರು.

ಹಾಸಿಗೆ ಬಿಟ್ಟಿ. ಬದಲಿಗೆ ಅವನ ತಲೆಯನ್ನು ಓದಲು ಡಾಕ್ಟರ್ ಅನಂತರಾಜು ಅವರಿಗೆ ಕೊಡಬೇಕಿತ್ತು. ಮಿದುಳಿಗೆ ಪೆಟ್ಟು ಬಿದ್ದವರೊಳಗೆ ಪ್ರಜ್ಞೆ ಉಳಿದಿದೆಯೇ ಎಂದು ಡೀಪ್ ಲರ್ನಿಂಗ್‌ನಿಂದ ಪತ್ತೆ ಹಚ್ಚುವುದು ಅವರ ಸಂಶೋಧನೆ. ಇದೆ ಎಂದು ಕಂಪ್ಯೂಟರ್ ಹೇಳಿದರೆ ಹಾಸಿಗೆ ಉಳಿಯುತ್ತದೆ. ಇಲ್ಲ ಎಂದರೆ ಮನೆಗೆ. ಮನೆಯಲ್ಲಿ ಕಫ ಎಳೆಯುವ ಯಂತ್ರವಿಲ್ಲ. ಅಲ್ಲಿ ಎಷ್ಟು ದಿನ ಇದ್ದಾನು ಎಂದು ತಿಪ್ಪಮ್ಮ ಕೇಳಿದಾಗ ನರ್ಸು “ಒಂದ್ ದಿನ, ಹೆಚ್ಚಂದ್ರೆ ಎರಡು” ಎಂದಿದ್ದಳು.

ಸಂಶೋಧನಾ ವಿದ್ಯಾರ್ಥಿನಿ ಅಕ್ಷತಾ ಅವನ ತಲೆಗೆ ತಂತಿಗಳ ಕುಲಾವಿ ಕಟ್ಟಿದಳು. ಪರದೆಯ ಮೇಲೆ ಗೆರೆಗಳು ಹರಿದವು. ಡಾಕ್ಟರು ಕಿವಿಯ ಬಳಿ ಬಗ್ಗಿದರು.

“ಬೀರಯ್ಯ, ಟೆನಿಸ್ ಆಡ್ತಿದೀನಿ ಅಂತ ಮನಸ್ಸಲ್ಲಿ ಅಂದ್ಕೊಳ್ಳಿ. ಜೋರಾಗಿ ಬ್ಯಾಟ್ ಬೀಸಿ.”

“ಏನ್ ಆಡ್ಬೇಕು ಸ್ವಾಮಿ ಅವ್ನು?” ಪಕ್ಕದಲ್ಲಿದ್ದ ತಿಪ್ಪಮ್ಮ ಕೇಳಿದಳು.

“ಟೆನಿಸ್ ಅಮ್ಮ. ದೊಡ್ಡ ದೊಡ್ಡ ದೇಶದಲ್ಲೆಲ್ಲ ಹಿಂಗೇ ಕೇಳೋದು. ಒಳಗೆ ಅಂದ್ಕೊಂಡ್ರೆ ಆ ಗೆರೆ ಮೇಲೇಳುತ್ತೆ.”

“ಅವ್ರು ಆಡ್ಲಿ ಬುಡಿ. ಇವ್ನು ಚೌಕಾಬಾರಾನೂ ಆಡ್ದೋನಲ್ಲ. ಮರ ಹತ್ತು ಅನ್ನಿ, ಹತ್ತಾನೆ.”

“ಕಂಪ್ಯೂಟರ್ ಕಲ್ತಿರೋದು ಇದನ್ನ.”

ಸಾವಿರಾರು ತಲೆಗಳನ್ನು ಓದಿ ಕಲಿತ ಕಂಪ್ಯೂಟರ್ ಅದು. ಅವುಗಳಲ್ಲಿ ಒಂದೂ ತೆಂಗಿನಮರ ಹತ್ತಿದ ತಲೆಯಾಗಿರಲಿಲ್ಲ. ಮೂರು ದಿನ ಕೇಳಿದರೂ ಬೀರಯ್ಯ ಟೆನಿಸ್ ಆಡಲಿಲ್ಲ. ವರದಿ ಬಂತು: ಪ್ರಜ್ಞೆ ಇಲ್ಲ.

ಕುಲಾವಿ ಬಿಚ್ಚಲು ಬಂದ ಅಕ್ಷತಾಳ ಕೈಯನ್ನು ತಿಪ್ಪಮ್ಮ ಹಿಡಿದಳು. “ಒಂದ್ ಕಿತ ನಾನ್ ಕರೀತೀನಿ ಕಣವ್ವ.”

ಇಪ್ಪತ್ತೆರಡು ವರ್ಷ ಅವನು ಮರದ ಮೇಲೆ, ಇವಳು ಕೆಳಗೆ. ಬಿದ್ದ ಕಾಯಿ ಆಯ್ದು ಮುಗಿಸಿ ಇವಳು ದೂರ ಸರಿದು ಸದ್ದು ಕೊಡುವವರೆಗೆ ಅವನು ಒಂದು ಗೊನೆಯನ್ನೂ ಕೆಡವಿದವನಲ್ಲ.

ತಿಪ್ಪಮ್ಮ ಹಾಸಿಗೆಯ ಕಾಲ್ದೆಸೆಗೆ ಹೋಗಿ, ತಲೆಯೆತ್ತಿ, ವಾರ್ಡೆಲ್ಲ ಬೆಚ್ಚುವಂತೆ ಕೂಗಿದಳು: “ಆಚೆಗ್ ಬಂದಿವ್ನಿ! ಕೆಡವಯ್ಯೋ!”

ಗೆರೆಗಳು ಕಿತ್ತೆದ್ದವು.

ಅಕ್ಷತಾ ಅವಳಿಂದ ಅಷ್ಟೇ ಗಟ್ಟಿಯಾಗಿ ಬೇರೇನೋ ಕೂಗಿಸಿದಳು. ಗೆರೆಗಳು ಅಲುಗಲಿಲ್ಲ. ಮತ್ತೆ ಮೊದಲಿನದನ್ನೇ ಕೂಗಿಸಿದಳು. ಎದ್ದವು. ಅವಳು ಡಾಕ್ಟರನ್ನು ಎಳೆದುಕೊಂಡೇ ಬಂದಳು.

“ಇಂಟರೆಸ್ಟಿಂಗ್,” ಎಂದರು ಅವರು, ಪರದೆ ನೋಡಿ. “ಆದ್ರೆ ನಮ್ ಪ್ರೋಟೋಕಾಲ್‌ನಲ್ಲಿ ಇದಿಲ್ಲ.”

“ಸರ್, ಆ ಮನುಷ್ಯ ಒಳಗಿದಾನೆ!”

“ಮುಂದಿನ ಪೇಪರ್‌ನಲ್ಲಿ ಬರಿಯೋಣ.”

ಮಧ್ಯಾಹ್ನವೇ ಬೀರಯ್ಯನ ಸ್ಟ್ರೆಚರ್ ಕಾರಿಡಾರಿಗೆ ಬಂತು. ತೆರವಾದ ಹಾಸಿಗೆಗಾಗಿ ಕುಣಿಗಲ್‌ನ ಹೆಂಗಸೊಬ್ಬಳು ಕಾದಿದ್ದಳು. ಪಕ್ಕದಲ್ಲಿ ಹಾಗೇ ಕಣ್ಣು ಬಿಟ್ಟುಕೊಂಡು ಮಲಗಿದ ಅವಳ ಗಂಡ.

“ಏನ್ ಕೆಲ್ಸ ಮಾಡ್ತಿದ್ದನವ್ವ?” ತಿಪ್ಪಮ್ಮ ಕೇಳಿದಳು.

“ಗಾರೆ ಕೆಲ್ಸ ಕಣಕ್ಕ. ಮೂರನೇ ಮಹಡಿಯಿಂದ ಬಿದ್ದ.”

“ಹಂಗಾರೆ ಗಾರೆ ಕಲಸು ಅಂತ ಕೇಳ್ಸು. ಅವ್ರು ಟೆನಿಸ್ ಅಂತಾರೆ, ಒಪ್ಪಬ್ಯಾಡ. ನನ್ ಗಂಡ ಒಳಗೇ ಅವ್ನೆ. ನಿನ್ನೋನೂ ಇರ್ತಾನೆ. ಅವ್ರು ಕರಿಯೋದೇ ಸರಿಯಿಲ್ಲ.”

ಆ ಹೆಂಗಸು ಸೆರಗು ಸಿಕ್ಕಿಸಿ ಎದ್ದಳು. ಡಾಕ್ಟರ ಬಾಗಿಲಿನಲ್ಲಿ ಅವಳ ದನಿ ಏರುವುದು ಕೇಳಿಸಿತು. ನಿಂತು ಪೂರ್ತಿ ಕೇಳುವಷ್ಟು ಪುರುಸೊತ್ತು ತಿಪ್ಪಮ್ಮನಿಗಿರಲಿಲ್ಲ. ಗಂಡನಿಗೆ ಉಸಿರಿರುವಾಗಲೇ ಊರು ಮುಟ್ಟಬೇಕಿತ್ತು.